ತಲೆ ಹಿಡಿಯುವ ಕೆಲಸ

ನಾನು ಭಯಂಕರ ಪುಕ್ಕಲು ಮನುಷ್ಯ. ಮನೆಗೆ ತಂತಿ ಬಂದರೆ ಒಡೆಯುವ ಮೊದಲೇ ಅಳಲು ಶುರು ಮಾಡುವವನು. ಇಂಥವನು ಕೊಲ್ಹಾಪುರದ ಹತ್ತಿರದ ಇಚಲಕರಂಜಿಯ ಒಂದು ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿ ಇಪ್ಪತ್ತು ವರ್ಷ ಗಾಯಗಳಿಗೆ ಪಟ್ಟಿ ಕಟ್ಟಿದೆನೆಂದರೆ ಗಡಹಿಂಗ್ಲಜದ ನಮ್ಮ ನೆಂಟರು ಇಂದಿಗೂ ನಂಬುವುದಿಲ್ಲ. ಪೇಶಂಟರೇ ನಿಮಗ ಧೈರ್ಯ ಹೇಳ್ತಾರೇನು ಎಂದು ಹೆಂಡತಿ ಕೇಳಿದ್ದಳು. ಕೆಲವೊಮ್ಮೆ ಹೇಳುತ್ತಿದ್ದರು.

ಎಂಬತ್ತರ ದಶಕದ ಮಾತು. ಅಪಘಾತದ ಪೇಶಂಟ್ ಬಂದರೆ ನಾವೆಲ್ಲರೂ ಎಲ್ಲ ಕೆಲಸಕ್ಕೂ ನುಗ್ಗುತ್ತಿದ್ದೆವು. ಮೂವರು ಒಂದೇ ಕೈಗೆ ಸಲಾಯಿನ್ ಚುಚ್ಚಲು ಹೊರಟು, ರಕ್ತ ಸುರಿಯುವ ಕಾಲನ್ನು ಯಾರೂ ನೋಡದಿದ್ದದ್ದೂ ಉಂಟು. ಮುಂಬಯಿಯಲ್ಲಿ ಕಲಿತು ಹೊಸದಾಗಿ ಬಂದ ಡಾಕ್ಟರಮ್ಮನವರಿಗೆ ಇದು ಸರಿಬರಲಿಲ್ಲ. ಮರಾಠಿ ರೂಢಿಯಂತೆ ನಾವು ಅವರನ್ನು ಬಾಯಿ ಎನ್ನುತ್ತಿದ್ದೆವು. ಅವರು ನಮ್ಮನ್ನು ಒಂದು ತಂಡ ಮಾಡಿ, ಕೆಲಸ ಹಂಚಿ ತರಬೇತಿಗೆ ಇಳಿಸಿದರು. ಉಸಿರು ಅವರದು, ಸಲಾಯಿನ್ ಮತ್ತು ರಕ್ತ ಸಿಸ್ಟರದು, ತಲೆ ನನ್ನದು. ಕುತ್ತಿಗೆಯ ಎಲುಬು ಮುರಿದಿದ್ದರೆ ಒಂದು ಅಲುಗಾಟಕ್ಕೆ ಕೈಕಾಲು ಹೋಗುತ್ತವಂತೆ. ಆದ್ದರಿಂದ ನಾನು ಪೇಶಂಟಿನ ತಲೆಯ ಹಿಂದೆ ನಿಂತು, ಎರಡೂ ಕೈಯಿಂದ ಹಿಡಿದು, ಬಾಯಿಯವರು ಹೇಳುವ ತನಕ ಬಿಡಕೂಡದು.

ಆಂಬುಲೆನ್ಸ್ ಡ್ರೈವರನನ್ನು ವರಾಂಡದ ಬೆಂಚಿನ ಮೇಲೆ ಮಲಗಿಸಿ ಅಭ್ಯಾಸ ನಡೆಯಿತು. ಎರಡನೆಯ ದಿನ ಆಸ್ಪತ್ರೆಯ ದೊಡ್ಡ ಸಾಹೇಬರು ನೋಡಲು ಬಂದರು. ನನ್ನ ಕೈಗಳು ತಾವಾಗಿಯೇ ಮೇಲೆದ್ದು ನಮಸ್ಕಾರ ಮಾಡಿದವು. ಡ್ರೈವರನ ತಲೆ ಬೆಂಚಿಗೆ ಧಡ್ಡೆಂದು ಬಡಿಯಿತು. ಬಾಯಿ ಸಿಟ್ಟಾಗಲಿಲ್ಲ, ಪೇಶಂಟಿನ ಕೈಕಾಲು ಹೋದವು, ಮತ್ತೆ ಮೊದಲಿಂದ, ಎಂದು ಮರಾಠಿಯಲ್ಲಿ ಹೇಳಿದರು. ಅಂದು ಮನೆಯಲ್ಲಿ ಹೆಂಡತಿಯ ತಲೆ ಹಿಡಿದು ಅಭ್ಯಾಸ ಮಾಡಿದೆ. ಎಣ್ಣೆ ಹಚ್ಚುತ್ತಾರೆಂದು ಖುಷಿಯಿಂದ ಕೂತವಳು ಕಾಲು ಗಂಟೆಯಾದರೂ ಎಣ್ಣೆ ಬಾರದ್ದಕ್ಕೆ ಎದ್ದು ಹೋದಳು.

ಎರಡು ವಾರಕ್ಕೆ ನಿಜವಾದ ತಲೆಯೇ ಬಂತು. ಕೊರೋಚಿಯ ಮಗ್ಗದ ಕೆಲಸಗಾರ. ಪಾಳಿ ಮುಗಿಸಿ ಸೈಕಲ್ ಮೇಲೆ ಹೊರಟಾಗ ಲಾರಿ ಬಡಿದಿತ್ತು. ನಾನು ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟ.

"ನಿಮ್ಮ ಕೈ ನಡಗಾಕತ್ತಾವಲ್ರಿ," ಎಂದ.

"ಅವು ಹಂಗ ಅದಾವ್ರಿ. ತಲಿ ಮಾತ್ರ ಬಿಡೂದಿಲ್ಲ. ನೀವು ಅಳ್ಳಾಡಬ್ಯಾಡ್ರಿ."

ಅಷ್ಟರಲ್ಲಿ ಸಾಹೇಬರು ಒಳಗೆ ಬಂದರು. ಈ ಸಲ ನಮಸ್ಕಾರಕ್ಕೆ ಕೈ ಏಳಲಿಲ್ಲ. ಅವರು ನನ್ನನ್ನು ನೋಡಿದ ರೀತಿಗೆ ವರ್ಗಾವಣೆಯ ಆದೇಶವೇ ಕಣ್ಣ ಮುಂದೆ ಬಂತು.

ನಮ್ಮ ಎಕ್ಸ್‌ರೇ ಯಂತ್ರ ಕೆಟ್ಟಿದ್ದರಿಂದ ಕೊಲ್ಹಾಪುರಕ್ಕೆ ಒಯ್ಯಬೇಕಾಯಿತು. ಬಾಯಿ, ಸಿಸ್ಟರ್ ಇಬ್ಬರೂ ಜೊತೆಗೆ ಹೊರಟರು; ನಾನು ಆಂಬುಲೆನ್ಸಿನಲ್ಲಿ ಅವನ ತಲೆಯ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ರಸ್ತೆಯ ಒಂದೊಂದು ಗುಂಡಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅರ್ಧ ದಾರಿಯಲ್ಲಿ ಅವನು ಮೆಲ್ಲಗೆ ಕೇಳಿದ: "ನನ್ನ ಕಾಲು ಅದಾವೇನ್ರಿ? ತಿಳಿಯಾಕತ್ತಿಲ್ಲ."

ಸಿಸ್ಟರ್ ಅವನ ಕಾಲಿನ ಹೆಬ್ಬೆರಳನ್ನು ಬಲವಾಗಿ ಚಿವುಟಿದರು. "ಯವ್ವಾ," ಎಂದು ನರಳಿದ. ಅಷ್ಟು ಇಂಪಾದ ನರಳಾಟವನ್ನು ನಾನು ಮತ್ತೆ ಕೇಳಿಲ್ಲ.

ಕೊಲ್ಹಾಪುರದ ಡಾಕ್ಟರರು ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ಇನ್ನು ಬಿಡಿ ಎಂದರು. ನಾನು ಬಿಡಲಿಲ್ಲ; ನಮ್ಮ ಬಾಯಿ ಹೇಳಬೇಕಲ್ಲ. ಬಾಯಿ ಕಾಗದಪತ್ರ ಮುಗಿಸಿ ಬಂದು, "ಸೋಡಾ ಆತಾ," ಬಿಡಿ ಈಗ, ಎಂದರೂ ಬೆರಳು ಬಿಚ್ಚಲಿಲ್ಲ. ಒಂದೊಂದಾಗಿ ಅವರೇ ಬಿಡಿಸಿದರು. ಎಕ್ಸ್‌ರೇಯಲ್ಲಿ ಕುತ್ತಿಗೆಯ ಎಲುಬು ನಿಜವಾಗಿಯೂ ಬಿರುಕು ಬಿಟ್ಟಿತ್ತು. ಅದನ್ನು ಕೇಳಿ ನಾನು ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟೆ.

ಮೂರು ತಿಂಗಳ ಮೇಲೆ ಅವನು ತನ್ನ ಕಾಲ ಮೇಲೆ ನಡೆದುಕೊಂಡು, ಪೇಡೆಯ ಡಬ್ಬಿ ಹಿಡಿದು ಬಂದ. ಬಾಯಿಗೆ, ಸಿಸ್ಟರಿಗೆ ಕೈಮುಗಿದ. ಏನೂ ಮಾಡದ ಸಾಹೇಬರ ಕಾಲಿಗೂ ಬಿದ್ದ. ನನಗೊಂದು ಪೇಡೆ ಕೊಟ್ಟು, "ಅಣ್ಣಾರ, ನನ್ನ ತಲಿ ಹಿಡಿದಿದ್ರಲ್ಲ, ಅವರು ಎಲ್ಲಿ ಅದಾರ್ರಿ?" ಎಂದು ಕೇಳಿದ. ಪಾಪ, ಅವನು ನನ್ನ ಮುಖವನ್ನು ನೋಡಿದ್ದೆಲ್ಲ ತಲೆಕೆಳಗಾಗಿ.

ನಾನೇ ಎನ್ನಲು ಅದೇಕೋ ನಾಲಿಗೆ ಹೊರಳಲಿಲ್ಲ. "ರಜಾದ ಮ್ಯಾಲೆ ಅದಾರ್ರಿ," ಎಂದೆ.

ಅವರಿಗೆ ತಪ್ಪದೆ ಮುಟ್ಟಿಸಬೇಕೆಂದು ಹೇಳಿ ಇನ್ನೂ ಎರಡು ಪೇಡೆ ಕೈಗಿಟ್ಟು ಹೋದ. ತಪ್ಪದೆ ಮುಟ್ಟಿಸಿದೆ, ಅವನು ಗೇಟು ದಾಟುವುದರೊಳಗೇ.