ಅಟ್ಟದ ಮೇಲೆ ಬಂದ ಅಲೆ

ಸಂಶಯ ಒಂದು ರೋಗ ಎಂದು ಹೇಳಿದವರ ತಲೆಯ ಮೇಲೆ ಅಟ್ಟ ಇರಲಿಲ್ಲವೆಂದು ನನ್ನ ಸಂಶಯ. ಈಚೆಗೆ ನನಗೆ ಯಾವ ಸದ್ದಿನ ಮೇಲೂ ನಂಬಿಕೆಯಿಲ್ಲ. ಫ್ಯಾನು ಕಿರ್ ಎಂದರೆ ಕುರ್ಚಿ ಎಳೆದುಕೊಂಡು ಗೋಡೆಗೆ ಅಂಟಿಕೊಳ್ಳುತ್ತೇನೆ. ಹಾಸನದ ಬಸ್ಸಿನಲ್ಲಿ ಮೇಲಿಟ್ಟ ಗಂಟು ಅಲುಗಾಡಿದರೆ ಎದ್ದು ಸೀಟು ಬಿಟ್ಟುಕೊಡುತ್ತೇನೆ. ಕೂತವರು, ‘ಪಾಪ, ಎಷ್ಟು ಒಳ್ಳೆಯವರು’ ಎನ್ನುತ್ತಾರೆ.

ಇದಕ್ಕೆಲ್ಲ ಮೂಲ ನನ್ನ ನಾದಿನಿ ಸುಮಾ. ಆಕೆ ನಕ್ಷತ್ರಗಳ ಸಂಶೋಧನೆ ಮಾಡುವವಳು. ಹೋದ ಬೇಸಿಗೆಯಲ್ಲಿ ದಂಡಿಗನಹಳ್ಳಿಯ ನನ್ನ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ನಡುಮನೆಯಲ್ಲಿ ಊಟಕ್ಕೆ ಕೂತಾಗ ಸುಮಾ ತನ್ನ ಕೆಲಸ ವಿವರಿಸಿದಳು. ಎರಡು ನಕ್ಷತ್ರಲೋಕಗಳು ಕೂಡಿಕೊಂಡರೆ ಒಂದೊಂದರ ನಟ್ಟನಡುವೆ ಇರುವ ದೈತ್ಯ ಕಪ್ಪುಕುಳಿಗಳೂ ಜೋಡಿಯಾಗಿ ಒಂದನ್ನೊಂದು ಸುತ್ತುತ್ತವಂತೆ. ಆ ಸುತ್ತಾಟಕ್ಕೆ ಆಕಾಶವೇ ಅಲೆಯಲೆಯಾಗಿ ನಡುಗುತ್ತದಂತೆ. ಒಂದೊಂದು ಅಲೆ ದಾಟಿಹೋಗಲು ವರ್ಷಗಳೇ ಬೇಕಂತೆ.

“ಗಂಡಹೆಂಡಿರ ಮುನಿಸಿನ ಹಾಗೆ,” ಎಂದೆ. ಬಡಿಸುತ್ತಿದ್ದ ನನ್ನ ಹೆಂಡತಿಯ ಸೌಟು ನನ್ನ ತಟ್ಟೆಯನ್ನು ಬಿಟ್ಟು ಮುಂದಕ್ಕೆ ಹೋಯಿತು.

“ಭಾವ, ಅದನ್ನ ಹಿಡಿಯೋದು ಹೇಗೆ ಗೊತ್ತಾ? ಪಲ್ಸಾರ್ ಅಂತ ಸತ್ತ ನಕ್ಷತ್ರಗಳಿವೆ. ಗಡಿಯಾರದ ಥರ ಟಿಕ್ ಟಿಕ್ ಅಂತ ರೇಡಿಯೋ ಮಿಡಿತ ಕಳಿಸ್ತವೆ. ಒಂದು ತಡವಾದ್ರೆ ಆ ಗಡಿಯಾರನ ಅನುಮಾನಿಸ್ಬೇಕು. ಆಕಾಶದ ಮೂಲೆಮೂಲೇಲಿರೋವೆಲ್ಲ ಒಂದಕ್ಕೊಂದು ತಾಳೆಯಾಗೋ ಹಾಗೆ ಹಿಂದೆಮುಂದೆ ಆದ್ರೆ, ನಡುವೆ ಅಲೆ ಹೋಗ್ತಿದೆ ಅಂತ. ಎಲ್ಲ ಕಪ್ಪುಕುಳಿ ಜೋಡಿಗಳೂ ಸೇರಿ ಗುಂಯ್ ಅನ್ನೋ ಸುಳಿವು ಸಿಕ್ಕಿದೆ. ಈಗ ಒಂದೇ ಒಂದು ಜೋಡೀನ ಬೇರೆ ಮಾಡಿ ಹಿಡೀಬೇಕು. ಅಲ್ಲೀವರೆಗೂ ಗಡಿಯಾರ, ಭೂಮಿ, ನಮ್ಮ ಲೆಕ್ಕ, ಎಲ್ಲದರ ಮೇಲೂ ಅನುಮಾನ.”

ಬಿ.ಎಸ್ಸಿ. ಓದಿದ ನನಗೆ ಅಷ್ಟು ಸಾಕಾಯಿತು. ಊಟವಾಗಿ ಮಾವ ತೋಟದ ಕಡೆಗೆ, ಅಕ್ಕತಂಗಿಯರು ಹಿತ್ತಲಿಗೆ ಪಾತ್ರೆ ತೊಳೆಯಲು ಹೋದರು. ಅತ್ತೆ ನಡುಮನೆಯಲ್ಲೇ ಚಾಪೆ ಹಾಸಿಕೊಂಡು ಎಲೆಯಡಿಕೆ ತಟ್ಟೆ ಎಳೆದುಕೊಂಡರು. ಆಗ ಮೇಲಿನ ಅಟ್ಟದಿಂದ ಲೊಡಲೊಡ ಎಂದಿತು.

ಚನ್ನರಾಯಪಟ್ಟಣದ ಸೀಮೆಯಲ್ಲಿ ಈ ಸದ್ದು ಶುಭ. ನಮ್ಮವರು ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ ವರ್ಷಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಆರಿ, ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಟರೆ, ಅಲ್ಲಾಡಿಸಿದಾಗ ಲೊಡಲೊಡ ಎನ್ನುತ್ತದೆ. ಆ ಸಲ ಮಾವ ಹಳೆಯ ಕಾಯಿ ಇಳಿಸುವ ಮೊದಲೇ ಹೊಸ ಕಾಯಿಯನ್ನೂ ಏರಿಸಿಬಿಟ್ಟಿದ್ದರು.

“ಕೊಬ್ರಿ ಆಗೈತೆ ಕಣಪ್ಪ, ಅದ್ಕೇ ಮಾತಾಡ್ತಾವೆ,” ಎಂದರು ಅತ್ತೆ.

ಅಲ್ಲಾಡಿಸುವವರಿಲ್ಲದೆ ಮಾತೇ? ನಾನು ಒಪ್ಪಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಸದ್ದಾದರೆ ಇಲಿ. ನಾಲ್ಕೂ ಮೂಲೆಗಳಿಗೆ ಹೋಗಿ ಕಿವಿಗೊಟ್ಟು ನಿಂತೆ. ನಾಲ್ಕರಲ್ಲೂ ಒಟ್ಟಿಗೆ ಲೊಡಲೊಡ! ಅಂದರೆ ತಪ್ಪು ಕಾಯಿಗಳದ್ದಲ್ಲ, ಎಲ್ಲವನ್ನೂ ನಡುಗಿಸುವ ಇನ್ನೊಂದೇನೋ ಇದೆ. ಇಲ್ಲಿಯವರೆಗೆ ನನ್ನ ತರ್ಕ ಸುಮಾಳೂ ಮೆಚ್ಚುವಂತಿತ್ತು. ಆಮೇಲೆ ಅದು ಹೊಸಲು ದಾಟಿ ಪಕ್ಕದ ಮನೆಯ ಜವರಣ್ಣನ ಟ್ರಾಕ್ಟರಿಗೆ ಹೋಯಿತು.

“ಅತ್ತೆ, ಇದು ಜವರಣ್ಣನ ಟ್ರಾಕ್ಟರಿನ ಅದುರು. ಗೋಡೆ ಬಿರುಕು ಬಿಡುತ್ತೆ, ಬನ್ನಿ ಕೇಳೋಣ,” ಎಂದೆ.

ಬೇಲಿಯ ವಿಷಯದಲ್ಲಿ ಜವರಣ್ಣನ ಮೇಲೆ ಅತ್ತೆಗೆ ಮೊದಲೇ ಸಿಟ್ಟಿತ್ತು. ಬಾಯಿಗೆ ಹಾಕಿಕೊಳ್ಳಬೇಕಿದ್ದ ಎಲೆಯನ್ನು ತಟ್ಟೆಗೆ ಎಸೆದು, ಸೆರಗು ಸಿಕ್ಕಿಸಿಕೊಂಡು ನನಗಿಂತ ಮೊದಲೇ ಬೀದಿಗಿಳಿದರು.

“ಲೇ ಜವರಾ! ನಿನ್ ಟ್ಯಾಕ್ಟ್ರು ನಿಲ್ಲಿಸ್ಲಾ, ನಮ್ಮನೆ ಉದುರೋಯ್ತದೆ!”

ಜಗಲಿಯ ಮೇಲೆ ಕೂತಿದ್ದ ಜವರಣ್ಣ ಎದ್ದುನಿಂತ. “ಯಾವ್ ಟ್ಯಾಕ್ಟ್ರಕ್ಕಾ? ಅದು ಬ್ಯಾಟ್ರಿ ಇಲ್ದೆ ಕೋಳಿಗೂಡಾಗೈತೆ. ಬಂದ್ ನೋಡು, ಸೀಟ್ ಮ್ಯಾಲೆ ಮೊಟ್ಟೆ ಇಕ್ಕೈತೆ. ಈ ಅಳಿಯಂದ್ರು ಹೇಳ್ಕೊಟ್ರಾ ನಿಂಗೆ?”

ಇಬ್ಬರೂ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಬೆನ್ನ ಹಿಂದೆ, ನಮ್ಮ ಮನೆಯೊಳಗೆ ಲಟಕ್ ಎಂದಿತು. ಅದರ ಹಿಂದೆಯೇ ಗುಡುಗಿನಂಥ ಸದ್ದು. ಬಾಗಿಲಿನಿಂದ ಧೂಳು, ಧೂಳಿನೊಳಗಿಂದ ತೆಂಗಿನಕಾಯಿಗಳು ಉರುಳಿಕೊಂಡು ಬೀದಿಗೆ ಬಂದವು. ಹಿತ್ತಲಿನಿಂದ ಸುಮಾ, “ಅಮ್ಮಾ!” ಎಂದು ಕಿರುಚಿದ ದನಿ ಈಗಲೂ ನನ್ನ ಕಿವಿಯಲ್ಲಿದೆ. “ಇಲ್ಲೇ ಇವ್ನಿ ಕಣೇ,” ಎಂದು ಅತ್ತೆ ಬೀದಿಯಿಂದಲೇ ಕೂಗಿದರು.

ಬಿದ್ದದ್ದು ಅಟ್ಟ. ಎರಡು ವರ್ಷದ ಕಾಯಿ ಹೊತ್ತ ಅದರ ತೊಲೆಯನ್ನು ಗೆದ್ದಲು ಒಳಗೊಳಗೇ ತಿಂದು ಮುಗಿಸಿತ್ತು. ಕಾಯಿಯ ರಾಶಿ ಸರಿಸಿದಾಗ ಚಾಪೆ ಸಿಕ್ಕಿತು. ಹಿತ್ತಾಳೆಯ ಎಲೆಯಡಿಕೆ ತಟ್ಟೆ ಮುದುಡಿ ಎಲೆಯಂತಾಗಿತ್ತು. ಅತ್ತೆ ಕೂರುವ ಜಾಗ ಅದೇ. ಕಣ್ಣು ಮುಚ್ಚಿದರೆ ನನಗೆ ಇವತ್ತಿಗೂ ಆ ತಟ್ಟೆಯೇ ಕಾಣುತ್ತದೆ.

ಅತ್ತೆ ಈಗ ಸಿಕ್ಕವರಿಗೆಲ್ಲ, “ನಮ್ಮಳಿಯಂದ್ರಿಗೆ ಮೊದ್ಲೇ ತಿಳ್ದಿತ್ತು. ನಾನು ಗಾಬರಿ ಆಯ್ತೀನಿ ಅಂತ ಜವರನ್ ನೆಪ ಹೇಳಿ ಎಬ್ಬಿಸಿದ್ರು,” ಎನ್ನುತ್ತಾರೆ. ಸುಮಾ ಮಾತ್ರ, “ಭಾವ, ಅನುಮಾನ ಪಟ್ಟಿದ್ದು ಸರಿ. ಪಕ್ಕದ ಮನೆಗೆ ಹೋಗೋ ಮೊದಲು ಒಂದ್ಸಲ ತಲೆ ಎತ್ತಿ ನೋಡಬಹುದಿತ್ತು,” ಎಂದಳು. ನಾನು ಅತ್ತೆಯ ಮಾತನ್ನೇ ನಂಬಲು ನಿರ್ಧರಿಸಿದ್ದೇನೆ. ನಾನು ಈಗ ನಂಬುವುದು ಅದೊಂದನ್ನೇ.

ಪ್ರಾಣ ಉಳಿಸಿದ ಅಳಿಯನಿಗೆಂದು ಅತ್ತೆ ಹಾಸನದ ನಮ್ಮ ಮನೆಗೆ ಒಂದು ಚೀಲ ಕಾಯಿ ಕಳಿಸಿದ್ದಾರೆ, ಸಿಪ್ಪೆಸಮೇತ. ಹೆಂಡತಿ ಗೋಡೆಯ ಎತ್ತರದ ಸಜ್ಜಾದ ಮೇಲಿಡಿ ಎಂದಳು. ನಾನು ಕೈಮುಗಿದೆ. ಹಾಗಾಗಿ ಚೀಲ ಈಗ ನನ್ನ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ ಆರಾಮವಾಗಿ ಕೂತಿದೆ. ನಾನು ಅಂಗಳದಲ್ಲಿ ಬಿಸಿಲಿಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಈಗಷ್ಟೇ ಏನೋ ಲೊಡಕ್ ಎಂದಿತು.

“ಏನ್ರೀ, ಕೊಬ್ಬರಿ ಆಯ್ತು ಅನ್ಸುತ್ತೆ!” ಎಂದು ಹೆಂಡತಿ ಕೂಗಿದಳು.

ನಾನು ಜೋರಾಗಿ, “ಮೊದಲು ಹೊರಗೆ ಬಾ,” ಎಂದೆ.