ಜೀಪಿನ ಫ್ಯಾನು ತಿರುಗಿಸುವ ಮಂತ್ರ

ಮುಹೂರ್ತ ಇಟ್ಟುಕೊಡುವುದು ಸುಲಭ. ಪಂಚಾಂಗ ಬಿಡಿಸಿ, ಕನ್ನಡಕ ಏರಿಸಿ, ಬೆರಳಿನ ಗೆಣ್ಣು ಎಣಿಸುತ್ತ ಸ್ವಲ್ಪ ಹೊತ್ತು ಮನೆಯ ಸೂರು ನೋಡಿದರೆ ಆಯಿತು, ಎಂಥ ಮನೆಯವರೂ ಒಪ್ಪುತ್ತಾರೆ. ಕಷ್ಟ ಇರುವುದು ಆ ಮುಹೂರ್ತಕ್ಕೆ ನಾವೇ ಹೋಗಿ ಮುಟ್ಟುವುದರಲ್ಲಿ. ಭಟ್ಟರು ಎಂದರೆ ಹೊತ್ತಿಗೆ ಸರಿಯಾಗಿ ತಾವಾಗಿಯೇ ಬಾಗಿಲಲ್ಲಿ ಪ್ರತ್ಯಕ್ಷರಾಗುತ್ತಾರೆ ಎಂದು ಜನ ತಿಳಿದಿದ್ದಾರೆ. ನಾನಿರುವುದು ಅಡ್ಡಗದ್ದೆಯಲ್ಲಿ. ಕರೆಯುವ ಮನೆಗಳು ಶೃಂಗೇರಿಯಿಂದ ಕೊಪ್ಪ, ಕೊಪ್ಪದಿಂದ ನರಸಿಂಹರಾಜಪುರದವರೆಗೆ ಚೆಲ್ಲಾಡಿಕೊಂಡಿವೆ. ಹೋಮಕುಂಡ, ಇಟ್ಟಿಗೆ, ಚರಿಗೆ, ಬಾಳೆಎಲೆ, ದರ್ಭೆಯ ಕಟ್ಟು, ಇಷ್ಟನ್ನೂ ಹೊತ್ತು ಓಡಾಡಲು ನನಗಿರುವುದು ಒಂದು ಹಳೆಯ ಜೀಪು. ಮುಂದಿನ ಸೀಟಿನಲ್ಲಿ ನನ್ನ ಹೆಂಡತಿ ಶಾರದೆ ಕೂರುತ್ತಾಳೆ. ಅಡಿಗೆಯ ಉಸ್ತುವಾರಿ ಅವಳದು, ನನ್ನ ಉಸ್ತುವಾರಿಯೂ ಅವಳದೇ.

ಈ ಜೀಪಿನ ಮೂಲ ಎಂಜಿನ್ನು ಕಿಗ್ಗದ ಏರಿನಲ್ಲಿ ಒಂದು ದಿನ ದೊಡ್ಡದಾಗಿ ಕೆಮ್ಮಿ ಪ್ರಾಣ ಬಿಟ್ಟಿತು. ಎಲ್ಲರೂ ಗುಜರಿಗೆ ಹಾಕಿ ಎಂದರು. ಮೈ ಇನ್ನೂ ಗಟ್ಟಿಯಿರುವವನನ್ನು ಗುಜರಿಗೆ ಹಾಕು ಎನ್ನುವ ಮಾತು ನನ್ನ ವಯಸ್ಸಿನವರ ಕಿವಿಗೆ ಹಿತವಾಗುವುದಿಲ್ಲ. ಕೊಪ್ಪದಲ್ಲಿ ಗ್ಯಾರೇಜು ಇಟ್ಟಿರುವ ಸುಧಾಕರನನ್ನು ಕೇಳಿದೆ. ಅವನಿಗೆ ಗೊತ್ತಿಲ್ಲದ ಗಾಡಿ ಭೂಮಿಯ ಮೇಲಿಲ್ಲ, ಇದ್ದರೆ ಅದು ಗಾಡಿಯ ತಪ್ಪು. ಅವನು ಎಲ್ಲಿಯೋ ಮಗುಚಿಬಿದ್ದ ಕಾರಿನ ಎಂಜಿನ್ನೊಂದನ್ನು ತಂದು, "ಇದನ್ನ ಕೂರಿಸಿದ್ರೆ ನಿಮ್ಮ ಜೀಪು ಹಾರ್ತದೆ ಭಟ್ರೇ" ಎಂದ. ನನಗೆ ಹಾರುವುದು ಬೇಕಿರಲಿಲ್ಲ, ಹತ್ತಿದರೆ ಸಾಕಿತ್ತು. ಮನೆಗೆ ಬಂದು ಶಾರದೆಗೆ, "ಇದು ದತ್ತು ತಗೊಂಡ ಹಾಗೆ. ಸಂಕಲ್ಪ ಮಾಡಿ ಒಳಗೆ ಕರ್ಕೊಂಡ್ರೆ ನಮ್ಮ ಗೋತ್ರವೇ ಆಗ್ತದೆ" ಎಂದು ವಿವರಿಸಿದೆ. ಅವಳು ಹುರುಳಿ ಆರಿಸುತ್ತಿದ್ದವಳು ತಲೆ ಎತ್ತದೆ, "ಗೋತ್ರ ಬದಲಾಗ್ತದೆ, ಬುದ್ಧಿ ಬದಲಾಗ್ತದಾ?" ಎಂದಳು.

ಬದಲಾಗಲಿಲ್ಲ. ಅದಕ್ಕೆ ಎಂಜಿನ್ನನ್ನೊಂದೇ ದೂರುವುದು ನ್ಯಾಯವಲ್ಲ. ಕೂರಿಸುವ ದಿನ ನಾನೂ ಗ್ಯಾರೇಜಿನಲ್ಲಿ ಬೇಕಾದಷ್ಟು ಕೈಯಾಡಿಸಿದೆ. ಎಂಜಿನ್ನನ್ನು ಸರಪಳಿಗೆ ತೂಗುಹಾಕಿ ಇನ್ನೇನು ಇಳಿಸಬೇಕು ಎನ್ನುವಾಗ ರಾಹುಕಾಲ ಹತ್ತಿತು. ನಾನು ಬಿಡಲಿಲ್ಲ. ರಾಹುಕಾಲ ಮುಗಿಯುವವರೆಗೂ ಎಂಜಿನ್ನು ಅಂತರಿಕ್ಷದಲ್ಲಿ ತ್ರಿಶಂಕುವಾಗಿತ್ತು, ಸುಧಾಕರ ಅದರ ನೆರಳಿನಲ್ಲೇ ಕೂತು ಚಹಾ ಕುಡಿದ. ಆಮೇಲೆ ವೈರಿಂಗು. ಹಳೆಯ ಎಂಜಿನ್ನಿನ ಫ್ಯಾನು ಬೆಲ್ಟಿನಿಂದ ತಿರುಗುತ್ತಿತ್ತು, ಕರೆಂಟಿನ ಹಂಗಿರಲಿಲ್ಲ. ಹೊಸದಕ್ಕೆ ರೇಡಿಯೇಟರಿನ ಮುಂದೆ ಕರೆಂಟಿನ ಫ್ಯಾನು. ನೀರು ಕಾದಾಗ ಒಂದು ಸ್ವಿಚ್ಚು ತಾನಾಗಿಯೇ ಅದನ್ನು ಎಬ್ಬಿಸಬೇಕು. ಫ್ಯಾನಿನ ಅರ್ತಿಂಗ್ ವೈರನ್ನು ಬಾನೆಟ್ಟಿನ ಒಳಗಡೆ ಮುಂದಿನ ತಗಡಿಗೆ ಸ್ಕ್ರೂ ಹಾಕಿ ಬಿಗಿಯಬೇಕೆಂದು ಸುಧಾಕರ ಬ್ಲೇಡು ಹಿಡಿದು ಬಣ್ಣ ಕೆರೆಯಲು ಹೊರಟ. ಅಲ್ಲಿ ಸ್ವಸ್ತಿಕವಿತ್ತು. ಜೀಪು ತಂದ ವರ್ಷ ಅಪ್ಪಯ್ಯ ಕೆಂಪು ಬಣ್ಣದಲ್ಲಿ ಬರೆಸಿದ್ದು. ಅದರ ಮೇಲೆ ವರ್ಷವರ್ಷದ ಆಯುಧಪೂಜೆಯ ಗಂಧ, ಕುಂಕುಮ ಪದರ ಕಟ್ಟಿಕೊಂಡಿದ್ದವು. "ಅಲ್ಲಿ ಕೆರೀಬೇಡ ಮಾರಾಯ" ಎಂದೆ. "ವೈರು ಬೇರೆ ಕಡೆ ಎಟುಕೋದಿಲ್ಲ ಭಟ್ರೇ" ಎಂದ. "ಹಾಗಾದ್ರೆ ಕೆರೀದೆ ಹಾಕು." ಅವನು ಬ್ಲೇಡು ಜೇಬಿಗಿಟ್ಟು, ಅಲ್ಲೇ ಇದ್ದ ಹಳೆಯ ತೂತಿಗೆ ಸ್ಕ್ರೂ ತಿರುಪಿ, ಕೈ ಮುಗಿದ. ಧರ್ಮ ಉಳಿಯಿತು ಎಂದು ನನಗೂ ಸಮಾಧಾನವಾಯಿತು. ಅಂದಿನಿಂದ ಪ್ರತಿ ಶುಕ್ರವಾರ ಗಂಧ ಹಚ್ಚುವಾಗ ಸ್ವಸ್ತಿಕದ ಜೊತೆಗೆ ಆ ಸ್ಕ್ರೂವಿಗೂ ಧಾರಾಳವಾಗಿ ಹಚ್ಚುತ್ತಿದ್ದೆ, ಪಂಕ್ತಿಭೇದ ಮಾಡಬಾರದಲ್ಲ.

ಮೊದಲ ವಾರವೇ ಜೀಪು ಕುದಿಯಿತು. ಬಾನೆಟ್ಟಿನಿಂದ ಹಬೆ ಏಳುತ್ತಿದ್ದರೂ ಕಾವಿನ ಮುಳ್ಳು ಮಾತ್ರ ತಣ್ಣಗೆ ಕೆಳಗೆ ಮಲಗಿತ್ತು. ಸುಧಾಕರ ನೋಡಿ, ಮುಳ್ಳು ಜೀಪಿನದು, ಕಾವು ಅಳೆಯುವ ಸೆನ್ಸರು ಕಾರಿನದು, ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿಲ್ಲ ಎಂದ. ಹಳೆಯ ಎಂಜಿನ್ನಿನ ಸೆನ್ಸರನ್ನೇ ಬಿಚ್ಚಿ ಇದಕ್ಕೆ ಹಾಕಿದ. ಮುಳ್ಳು ಏಳತೊಡಗಿತು. ಈಗ ಜೀಪು ಕುದಿಯುವುದು ನಮಗೆ ಮುಂಚಿತವಾಗಿ ತಿಳಿಯುತ್ತಿತ್ತು, ಕುದಿಯುವುದೇನೂ ನಿಲ್ಲಲಿಲ್ಲ. ಫ್ಯಾನು ಏಳುತ್ತಿರಲಿಲ್ಲ. ಫ್ಯಾನಿನ ಸ್ವಿಚ್ಚು ಬದಲಾಯಿತು. ರಿಲೇ ಬದಲಾಯಿತು. ವಿಚಿತ್ರವೆಂದರೆ ಗ್ಯಾರೇಜಿನಲ್ಲಿ ಸುಧಾಕರ ಬಾನೆಟ್ಟು ಎತ್ತಿ, ಮುಂದಿನ ತಗಡಿಗೆ ಕೈ ಊರಿಕೊಂಡು ಬಗ್ಗಿ ನೋಡಿದಾಗಲೆಲ್ಲ ಫ್ಯಾನು ಭರ್‍ರೆಂದು ತಿರುಗುತ್ತಿತ್ತು. "ನೋಡಿ, ನಂಗೆ ಹೆದರ್ತದೆ" ಎನ್ನುತ್ತಿದ್ದ. ಗ್ಯಾರೇಜು ದಾಟಿ ಏರು ಸಿಕ್ಕಿದರೆ ಮತ್ತೆ ಮುಳ್ಳು ಕೆಂಪಿಗೆ. ದಾರಿಯಲ್ಲಿ ನಿಂತರೆ ಹೋಗಿಬರುವವರೆಲ್ಲ ಪಂಡಿತರು. ರೇಡಿಯೇಟರಿನ ಮುಚ್ಚಳ ಸರಿಯಿಲ್ಲ ಎಂದರು ಒಬ್ಬರು, ನೀರೇ ಸರಿಯಿಲ್ಲ ಎಂದರು ಇನ್ನೊಬ್ಬರು. ಬಸ್ಸಿನ ಕಂಡಕ್ಟರೊಬ್ಬ ಬಾಗಿಲಲ್ಲಿ ಜೋತುಬಿದ್ದುಕೊಂಡೇ, "ಭಟ್ರೇ, ಹೋಮ ಬಾನೆಟ್ಟಿನ ಒಳಗೇ ಇಟ್ಕೊಂಡೀರಾ?" ಎಂದು ಕೂಗಿಹೋದ.

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತು, ತಿಮ್ಮಪ್ಪಗೌಡರ ಮೊಮ್ಮಗಳ ನಾಮಕರಣ ಬಾರದೆ ಇದ್ದಿದ್ದರೆ. ನರಸಿಂಹರಾಜಪುರದ ಹತ್ತಿರ ಅವರ ಮನೆ. ಅಪ್ಪಯ್ಯನ ಕಾಲದಿಂದ ಆ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಚಪ್ಪರ ಹಾಕಿದರೂ ನಮಗೇ ಕರೆ. ಅವತ್ತು ಜೀಪು ಕೊಪ್ಪ ದಾಟಿ ಕುದಿದು ನಿಂತಿತು. ಅದು ಆರಿ ನಾವು ಮುಟ್ಟುವಷ್ಟರಲ್ಲಿ ಅಜ್ಜಿಯೇ ಮಗುವಿನ ಕಿವಿಯಲ್ಲಿ ಹೆಸರು ಹೇಳಿಯಾಗಿತ್ತು, ನೆಂಟರು ಎಲೆಯ ಮುಂದೆ ಕೂತಿದ್ದರು. ಗೌಡರು ಸಿಟ್ಟಿನ ಮನುಷ್ಯರಲ್ಲ, ಅದೇ ಕಷ್ಟ. ಮೆತ್ತಗೆ, "ನಿಮ್ಮ ಅಪ್ಪಯ್ಯ ಬಸ್ಸಿಳಿದು ನಡ್ಕೊಂಡು ಬರ್ತಿದ್ರು ಭಟ್ರೇ, ಮುಹೂರ್ತಕ್ಕೆ ಸರಿಯಾಗಿ ಬರ್ತಿದ್ರು. ನೀವು ಜೀಪಲ್ಲಿ ಬರ್ತೀರಿ, ಊಟಕ್ಕೆ ಸರಿಯಾಗಿ ಬರ್ತೀರಿ" ಎಂದರು. ಎಲೆ ಎತ್ತಿದ ಮೇಲೆ ಪಕ್ಕಕ್ಕೆ ಕರೆದು, "ಹೊಸ ಮನೆ ಒಕ್ಕಲು ಬರ್ತಾ ಇದೆ. ಅವತ್ತೂ ಹೀಗಾದ್ರೆ ಬೇಜಾರು ಮಾಡ್ಕೋಬೇಡಿ, ಸ್ಕೂಟರ್ ಭಟ್ರಿಗೆ ಹೇಳಿಬಿಡ್ತೀನಿ" ಎಂದರು. ಸ್ಕೂಟರ್ ಭಟ್ಟರೆಂದರೆ ಕೊಪ್ಪದ ಕಡೆಯ ಒಬ್ಬ ಎಳೆಯ ಪುರೋಹಿತರು. ಪಂಚಾಂಗ ಫೋನಿನಲ್ಲಿ, ಸಾಮಾನು ಬೆನ್ನಿನ ಚೀಲದಲ್ಲಿ, ಹೋದಲ್ಲೆಲ್ಲ ಹತ್ತು ನಿಮಿಷ ಮೊದಲೇ ಹಾಜರು. ಅಂಥವರನ್ನು ಯಾರಾದರೂ ಇಷ್ಟಪಡುವುದು ಹೇಗೆ? ನಿಜ ಹೇಳುತ್ತೇನೆ, ಅಪ್ಪಯ್ಯ ಕೊಟ್ಟುಹೋದ ಮನೆ ನನ್ನ ಕೈಯಿಂದ ಜಾರುತ್ತದೆ ಎಂದಾಗ ನನಗೆ ಅಳುವೇ ಬಂತು. ಊಟ ಮಾತ್ರ ಚೆನ್ನಾಗಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಬೇಗಾರಿನಿಂದ ಶ್ರಾದ್ಧ ಮುಗಿಸಿ ಒಬ್ಬನೇ ಬರುವಾಗ ಮುಳ್ಳು ಮತ್ತೆ ಕೆಂಪಿಗೆ ಏರಿತು. ಬಾನೆಟ್ಟು ಎತ್ತಿದೆ. ಬೇರೇನು ಮಾಡಲೂ ತೋಚದೆ ಅಪ್ಪಯ್ಯನ ಸ್ವಸ್ತಿಕದ ಮೇಲೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಗಟ್ಟಿಯಾಗಿ ಮಂತ್ರ ಹೇಳಿದೆ. ಭರ್‍ರೆಂದಿತು ಫ್ಯಾನು! ನನಗೆ ಮೈಯೆಲ್ಲ ಮುಳ್ಳೆದ್ದಿತು. ಇಷ್ಟು ವರ್ಷ ಊರವರ ಮನೆಯಲ್ಲಿ ಹೇಳಿದ ಮಂತ್ರಗಳು ಎಲ್ಲಿಗೆ ಮುಟ್ಟಿದವೋ ಕಂಡವರಿಲ್ಲ. ಇದು ಕಣ್ಣೆದುರೇ ತಿರುಗುತ್ತಿತ್ತು, ಗಾಳಿ ಕೂಡ ಬರುತ್ತಿತ್ತು. ನೀರು ಆರುವವರೆಗೂ ಕೈ ತೆಗೆಯದೆ ಜಪಿಸಿದೆ. ಮುಂದಿನ ಸಲವೂ ಹಾಗೇ ಆಯಿತು. ಇಂಥ ವಿಷಯವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವಷ್ಟು ವಿರಕ್ತ ನಾನಲ್ಲ. ಹೋದ ಮನೆಯಲ್ಲೆಲ್ಲ ಹೇಳಿದೆ. ಕಿಗ್ಗದಲ್ಲಿ ಒಬ್ಬರು ತಮ್ಮ ಪಂಪ್‌ಸೆಟ್ಟಿನ ಮೇಲೂ ಒಮ್ಮೆ ಕೈಯಿಡಬೇಕೆಂದು ಕೇಳಿಕೊಂಡರು. ಇಟ್ಟೆ. ಅದು ಮೊದಲೂ ಓಡುತ್ತಿತ್ತು, ಆಮೇಲೂ ಓಡಿತು, ಇಬ್ಬರಿಗೂ ತೃಪ್ತಿಯಾಯಿತು. ಸುಧಾಕರ ಮಾತ್ರ ಸ್ವಲ್ಪ ಸೊರಗಿದ. ನಾನು ಅವನ ಭುಜ ತಟ್ಟಿ, "ವಿದ್ಯೆಗೂ ಒಂದು ಗಡಿ ಇರ್ತದೆ ಮಾರಾಯ" ಎಂದೆ.

ಗೌಡರ ಗೃಹಪ್ರವೇಶದ ದಿನ ಬಂತು. ಬೆಳಗ್ಗೆ ಬೇಗನೆ ಹೊರಟೆವು. ಕೊಪ್ಪ ದಾಟಿ ನಾಮಕರಣದ ದಿನ ನಿಂತಿದ್ದ ಏರಿಗೇ ಬರುವಾಗ ಮುಳ್ಳು ಕೆಂಪು ಮುಟ್ಟಿತು. ನಾನು ಕಿಂಚಿತ್ತೂ ಗಾಬರಿಯಾಗದೆ ಇಳಿದು, ಶಲ್ಯ ಸರಿಮಾಡಿಕೊಂಡು, ಕೈಯೊತ್ತಿ ಮಂತ್ರ ಹೇಳಿದೆ. ಫ್ಯಾನು ತಿರುಗಿತು. ಶಾರದೆ ಈ ಪವಾಡವನ್ನು ಕೇಳಿದ್ದಳೇ ಹೊರತು ನೋಡಿರಲಿಲ್ಲ. ಇಳಿದು ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ ಸ್ವಲ್ಪ ಹೊತ್ತು ನೋಡಿದಳು.

"ಈಗ ಕೈ ತೆಗೀರಿ. ಮಂತ್ರ ಹೇಳ್ತಾ ಇರಿ."

ತೆಗೆದೆ. ಮಂತ್ರ ನಡೆದಿತ್ತು, ಫ್ಯಾನು ನಿಂತಿತು.

"ಈಗ ಕೈ ಇಡಿ. ಬಾಯಿ ಮುಚ್ಚಿ."

ಇಟ್ಟೆ. ಫ್ಯಾನು ಭರ್‍ರೆಂದಿತು. ನಾನು ತುಟಿಯೊಳಗೇ ಒಂದೆರಡು ಅಕ್ಷರ ಹೇಳಿಕೊಂಡಿದ್ದೆ ಎಂದು ವಾದಿಸಬಹುದಿತ್ತು. ಅಷ್ಟರಲ್ಲಿ ಅವಳು, "ಸರೀರಿ ಆಚೆ" ಎಂದು ನನ್ನನ್ನು ಪಕ್ಕಕ್ಕೆ ನೂಕಿ ತನ್ನ ಹೆಬ್ಬೆರಳಿನಿಂದ ಆ ಸ್ಕ್ರೂ ಅದುಮಿದಳು. ಉಪನಯನವಿಲ್ಲ, ಸಂಧ್ಯಾವಂದನೆಯಿಲ್ಲ, ಬರೀ ಹೆಬ್ಬೆರಳು. ಫ್ಯಾನು ನನಗಿಂತ ಜೋರಾಗಿ ತಿರುಗಿತು.

"ಇದು ಸಡ್ಲ ಇದೆ ಮಾರಾಯ್ರೇ. ಕೆಳಗೆ ಗಂಧ ಗಟ್ಟಿ ಕಟ್ಟಿದೆ. ಒತ್ತಿದ್ರೆ ತಾಗ್ತದೆ, ಬಿಟ್ರೆ ಇಲ್ಲ."

ಸುಧಾಕರ ಬಗ್ಗಿ ನೋಡುವಾಗ ಅವನ ಕೈ ಎಲ್ಲಿರುತ್ತಿತ್ತು ಎಂಬುದು ನನಗೆ ಆಗ ನೆನಪಾಯಿತು. ಕರೆಂಟು ಬಂದರೆ ಸಾಲದು, ತಗಡಿನ ಮೂಲಕ ಹಿಂದಕ್ಕೆ ಹೋಗಲು ದಾರಿ ಬೇಕು. ಆ ದಾರಿಗೆ ನಾನು ಪ್ರತಿ ಶುಕ್ರವಾರ ಶ್ರದ್ಧೆಯಿಂದ ಗಾರೆ ಹಾಕುತ್ತ ಬಂದಿದ್ದೆ. ಶಾರದೆ ಬಾಳೆಎಲೆ ಸವರುವ ಕತ್ತಿ ತಂದು ನನ್ನ ಮುಂದೆ ಹಿಡಿದಳು. "ಕೆರೀರಿ."

"ಅಪ್ಪಯ್ಯ ಬರೆಸಿದ ಸ್ವಸ್ತಿಕ ಕಣೇ."

"ಅಪ್ಪಯ್ಯ ಕೊಟ್ಟ ಮನೆ ಬೇಕೋ, ಬರೆಸಿದ ಸ್ವಸ್ತಿಕ ಬೇಕೋ? ಗೌಡ್ರ ಮನೆ ಬಾಗ್ಲಲ್ಲಿ ಸ್ಕೂಟರ್ ನಿಲ್ಲೋದಕ್ಕೆ ಮೊದ್ಲು ಹೇಳಿ."

ಕಣ್ಣು ಮುಚ್ಚಿ ಅಪ್ಪಯ್ಯನ ಕ್ಷಮೆ ಕೇಳಿ, ಕಣ್ಣು ಬಿಟ್ಟು ಕೆರೆದೆ. ಗಂಧ, ಕುಂಕುಮ, ಬಣ್ಣ ಎಲ್ಲ ಉದುರಿ ಬಿಳಿಯ ತಗಡು ಹೊಳೆಯಿತು. ವೈರನ್ನು ಅದಕ್ಕೆ ತಾಗಿಸಿ, ತೂತಿಗೊಂದು ಬೆಂಕಿಕಡ್ಡಿಯ ಚೂರು ತುರುಕಿ, ಸ್ಕ್ರೂವನ್ನು ಅದೇ ಕತ್ತಿಯ ತುದಿಯಿಂದ ಬಿಗಿದೆ. ಫ್ಯಾನು ಯಾರ ಕೈಯನ್ನೂ ಕೇಳದೆ ತಿರುಗತೊಡಗಿತು. ಮುಳ್ಳು ಇಳಿಯಿತು. ಜೊತೆಗೆ ನಾನೂ ಸ್ವಲ್ಪ ಇಳಿದೆ.

ಗೌಡರ ಹೊಸ ಮನೆ ಮುಟ್ಟಿದಾಗ ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಗೌಡರು ಅಂಗಳಕ್ಕೆ ಬಂದು ನನ್ನನ್ನು ನೋಡಿದರು, ಗಡಿಯಾರ ನೋಡಿದರು, ಮತ್ತೆ ನನ್ನನ್ನು ನೋಡಿದರು. "ಎಂತ ಭಟ್ರೇ, ಅಡಿಗೆ ಇನ್ನೂ ಆಗಿಲ್ವಲ್ಲ" ಎಂದು ನಕ್ಕು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅವರು ಕೈ ಹಿಡಿದಾಗ ನನ್ನ ಎದೆಯ ಭಾರ ಇಳಿದುಹೋಯಿತು. ಹೋಮ ಮುಗಿಸಿ, ಬಾಗಿಲು, ಹೊಸ್ತಿಲು, ಒಲೆಗಳಿಗೆ ಕುಂಕುಮ ಹಚ್ಚುತ್ತ ಬಂದೆ. ಗೌಡರು ಕರೆಂಟಿನ ಮೈನ್ ಬೋರ್ಡಿನ ಬಾಗಿಲು ತೆರೆದು ಹಿಡಿದು, "ಇದರೊಳಗೂ ಒಂದು ಸ್ವಸ್ತಿಕ ಬರೀರಿ, ನಿಮ್ಮ ಕೈಯಲ್ಲಿ ಕರೆಂಟೇ ಮಾತು ಕೇಳ್ತದಂತಲ್ಲ" ಎಂದರು. ನನ್ನ ಬೆರಳ ತುದಿಯಲ್ಲಿ ಹಸಿ ಗಂಧ ತೊಟ್ಟಿಕ್ಕುತ್ತಿತ್ತು. ಅಡಿಗೆಮನೆಯ ಬಾಗಿಲಲ್ಲಿ ಶಾರದೆ ಸೌಟು ಹಿಡಿದು ನಿಂತು ನನ್ನ ಬೆರಳನ್ನೇ ನೋಡುತ್ತಿದ್ದಳು. ನಾನು ಬೋರ್ಡಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಅದರಿಂದ ಒಂದು ಮೊಳ ಆಚೆ ಗೋಡೆಯ ಮೇಲೆ ಸ್ವಸ್ತಿಕ ಬರೆದೆ. "ಇದಕ್ಕೆ ಇಷ್ಟು ಅಂತರ ಬಿಡಬೇಕು ಗೌಡ್ರೇ, ಶಾಸ್ತ್ರದಲ್ಲಿ ಹಾಗೇ ಇದೆ" ಎಂದೆ. ಗೌಡರು ಭಕ್ತಿಯಿಂದ ಮೊಳ ಹಾಕಿ ನೋಡಿ ಸರಿ ಎಂದರು.

ಮೊನ್ನೆ ಕೊಪ್ಪದಲ್ಲಿ ಒಬ್ಬರ ಗೃಹಪ್ರವೇಶಕ್ಕೆ ಊಟಕ್ಕೆಂದು ಹೋಗಿದ್ದೆ. ಪೌರೋಹಿತ್ಯ ಸ್ಕೂಟರ್ ಭಟ್ಟರದು. ಮನೆಯ ಯಜಮಾನರು ಮೈನ್ ಬೋರ್ಡಿಗೆ ಕುಂಕುಮ ಹಚ್ಚಲು ಹೋದಾಗ ಅವರು ಗದರಿ ತಡೆದು, "ಅಯ್ಯೋ, ಒಂದು ಮೊಳ ಅಂತರ ಬಿಡಬೇಕು, ಶಾಸ್ತ್ರ ಇದೆ" ಎಂದರು. ಯಜಮಾನರಿಗೆ ಸಂಶಯ ಬಂದು, ಹಿರಿಯ ಎಂದು ನನ್ನ ಮುಖ ನೋಡಿದರು. ನಾನು ಕಣ್ಣು ಅರ್ಧ ಮುಚ್ಚಿ, ಗಂಭೀರವಾಗಿ ತಲೆಯಾಡಿಸಿ, "ಬಹಳ ಹಳೇ ಶಾಸ್ತ್ರ" ಎಂದೆ.