ಖಾಲಿಗೆ ನಾಲ್ಕಾಣೆ, ತುಂಬಿದರೆ ಆರಾಣೆ

ನಿಜಾಮರ ರಾಜ್ಯದಲ್ಲಿ ಸೂರ್ಯ ಹೊತ್ತಿಗೆ ಸರಿಯಾಗಿ ಹುಟ್ಟುತ್ತಾನೆ. ಕಮಲಾಪುರದಿಂದ ಕಲಬುರ್ಗಿಗೆ ಹೋಗುವ ಮೋಟಾರು ಮಾತ್ರ ಅವನ ಮಾತು ಕೇಳುವುದಿಲ್ಲ. ಅದನ್ನು ಹತ್ತಿದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ಆಗುತ್ತದೆ. ಕಲಬುರ್ಗಿಯಲ್ಲಿ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕಲು ಹೊರಟ ದಿನವಂತೂ ನನ್ನ ತಲೆಯೇ ಕೆಟ್ಟಿತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಇರುವ ಒಬ್ಬಳೇ ಸೋದರತ್ತೆ ನಾನು. ಮಧ್ಯಾಹ್ನದೊಳಗೆ ಮುಟ್ಟದಿದ್ದರೆ ಕೂಸಿಗೆ ಹೆಸರಿಲ್ಲ.

ಹೊತ್ತು

ಬೆಳಿಗ್ಗೆಯೇ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಮೋಟಾರು ನಿಲ್ಲುವಲ್ಲಿಗೆ ಹೋಗಿ, ದುಡ್ಡು ವಸೂಲಿ ಮಾಡುವ ಏಜೆಂಟನನ್ನು ಕೇಳಿದೆ: "ಮೋಟಾರ ಎಷ್ಟಕ್ಕ ಬಿಡ್ತದ್ರಿ?"

"ತುಂಬಿದ ಮ್ಯಾಲರಿ ಅಕ್ಕಾರ."

"ಎಷ್ಟಕ್ಕ ತುಂಬ್ತದ?"

"ಮಂದಿ ಬಂದ ಮ್ಯಾಲ."

"ಮಂದಿ ಎಷ್ಟಕ್ಕ ಬರ್ತಾರ?"

"ಮೋಟಾರ ಬಿಡೋ ಹೊತ್ತಿಗಿ ಬರ್ತಾರ್ರಿ."

ಹತ್ತನೆಯ ತರಗತಿಯ ತನಕ ಓದಿದ್ದೇನೆ. ಇಂಥ ಲೆಕ್ಕ ಯಾವ ಮಾಸ್ತರರೂ ಕಲಿಸಿರಲಿಲ್ಲ.

ದರ

ಮೋಟಾರು ಖಾಲಿಯಿದ್ದರೆ ನಾಲ್ಕಾಣೆ, ಮಂದಿ ಹೆಚ್ಚಿದರೆ ಆರಾಣೆ. ನಾಲ್ಕಾಣೆಗೇ ಹೋಗಬೇಕೆಂದು ಎಲ್ಲರೂ ಹುಣಸೆಮರದ ಹಿಂದೆ ಅಡಗಿ ನಿಂತಿದ್ದರು. ಮೋಟಾರು ಖಾಲಿ ಎಂದು ಏಜೆಂಟ ಬಿಡಲೊಲ್ಲ.

ಬಾಳೆಗೊನೆ ಹೊತ್ತ ಮುದುಕಿಯೊಬ್ಬಳು ನನ್ನ ಸೆರಗು ಎಳೆದಳು: "ಹಿಂದಕ ಬಾರವ್ವಾ. ನಿನ್ನ ಕಂಡ್ರ ದರ ಏರ್ತದ."

ಬಿಸಿಲು ಏರಿತು, ದರ ಏರಲಿಲ್ಲ. ನಾನೂ ಎರಡು ತಾಸು ಅಡಗಿ ನಿಂತೆ. ಕೊನೆಗೆ ನನ್ನ ಮಗ ಅತ್ತ. ಏಜೆಂಟ ಬಂದು ಮರದ ಹಿಂದೆ ಇಣುಕಿದ. ಆರಾಣೆ!

"ಹಡೆಯೋದು ಹಡದಿ, ಬಾಯಿಲ್ಲದ್ದು ಹಡೀಬಾರದೇನ?" ಅಂದಳು ಮುದುಕಿ.

ತೊಡೆ

ಒಳಗೆ ಕಾಲಿಡಲು ಜಾಗವಿಲ್ಲ. ಪಕ್ಕೆಗೆ ಯಾರದೋ ಟ್ರಂಕು, ಬೆನ್ನಿಗೆ ಮುದುಕಿಯ ಬಾಳೆಗೊನೆ.

"ಕೂಸಿಗಿ ಮೂರಾಣೆ," ಅಂದ ಏಜೆಂಟ.

"ಕೂಸು ನನ್ನ ತೊಡಿ ಮ್ಯಾಲ ಅದ!"

"ನಿಮ್ಮ ತೊಡಿ ನಮ್ಮ ಮೋಟಾರದಾಗ ಅದ್ರಿ."

ಹೆಸರು

ದಾರಿಯ ಒಂದೊಂದು ತಗ್ಗಿಗೂ ಗೊನೆ ನನ್ನ ಬೆನ್ನಿಗೆ ಗುದ್ದಿತು. ತವರುಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಅಂಗಳದಲ್ಲಿ ಒಂದು ನರಪಿಳ್ಳೆಯಿಲ್ಲ. ತಮ್ಮನೊಬ್ಬನೇ ಕಟ್ಟೆಯ ಮೇಲೆ ಕೂತು ತೊಟ್ಟಿಲಿಗೆ ಹಗ್ಗ ಕಟ್ಟುತ್ತಿದ್ದ.

"ಮುಗೀತೇನೋ? ಹೆಸರು ಯಾರು ಹೇಳಿದ್ರು?"

"ತೊಟ್ಟಿಲ ನಾಳಿಗಿ ಅಕ್ಕಾ. ಮೋಟಾರದ ಹಣೇಬರಹ ಗೊತ್ತಿಲ್ಲೇನು? ಅದಕ್ಕೇ ನಿನಗ ಒಂದಿನ ಮೊದಲಿನ ತಾರೀಕ ಹೇಳಿದ್ದೆ."

ನಗಬೇಕೋ ಬಡಿಯಬೇಕೋ ತಿಳಿಯಲಿಲ್ಲ. ಒಳಗಿನಿಂದ ಅವನ ಹೆಂಡತಿ, "ನಾಳೆ ನಿಮ್ಮ ಬೆನ್ನಿಗಿ ಗುದ್ದಲಿಕ್ಕ ಓಣಿ ಹೆಂಗಸರೆಲ್ಲ ಬರ್ತಾರ್ರಿ ಅಕ್ಕಾರ," ಅಂದಳು.

"ಬ್ಯಾಡವ್ವಾ," ಅಂದೆ. "ಗುದ್ದೋದೆಲ್ಲ ಮೋಟಾರದಾಗೇ ಮುಗದದ. ನಾಳಿಗಿ ಹೆಸರಷ್ಟೇ ಉಳದದ."